ಅರ್ಧಕ್ಕೆ ಬಿಟ್ಟ ಆಟಕ್ಕೆ ಮರಳಬೇಕೆ?

ಕಾದಂಬರಿಯನ್ನು ಅರ್ಧಕ್ಕೆ ಮುಚ್ಚಿಟ್ಟವರನ್ನು ಯಾರೂ ದೂರುವುದಿಲ್ಲ. ವಿಡಿಯೋ ಗೇಮ್ ಅರ್ಧಕ್ಕೆ ಬಿಟ್ಟರಂತೂ ಮನೆಯವರಿಗೆ ಖುಷಿಯೇ. ಆದರೂ ಇಪ್ಪತ್ತರ ವಯಸ್ಸಿನಲ್ಲಿ ಆಡಿ ಬಿಟ್ಟ ಒಂದು ರೋಲ್-ಪ್ಲೇಯಿಂಗ್ ಗೇಮ್, ನಲವತ್ತು ದಾಟಿದ ಮೇಲೂ ಕೆಲವರಿಗೆ ಬಾಕಿ ಕೆಲಸದ ಹಾಗೆ ಕಾಡುತ್ತಿರುತ್ತದೆ. ಮಕ್ಕಳು ಮಲಗಿದ ಮೇಲೆ ಕಂಪ್ಯೂಟರ್ ತೆರೆದು ಅದನ್ನು ಮುಗಿಸಲು ಕೂರುವವರಿದ್ದಾರೆ. ಇದು ಬರೀ ಹಠವೇ, ಅಥವಾ ಇದರಲ್ಲಿ ಏನಾದರೂ ಹುರುಳಿದೆಯೇ?

ಹಠ ಎನ್ನುವವರ ವಾದ ಗಟ್ಟಿಯಾಗಿಯೇ ಇದೆ. ಇಷ್ಟು ಹೊತ್ತು ಕಳೆದಾಯಿತು, ಉಳಿದದ್ದನ್ನೂ ಕಳೆಯೋಣ ಎಂಬುದು ನಷ್ಟದ ವ್ಯಾಪಾರ. ಮೇಲಾಗಿ ಇಂಥ ಆಟಗಳಲ್ಲಿ ಬಹುಪಾಲು ಎಳೆದಾಡಿದ ಸರಕು. ಒಂದು ಗುಹೆ ಮುಗಿದರೆ ಇನ್ನೊಂದು ಗುಹೆ, ಅದರ ತುದಿಯಲ್ಲಿ ಇನ್ನೂ ದೊಡ್ಡ ರಾಕ್ಷಸ. ಕೊನೆಯಲ್ಲಿ ಸಿಗುವುದು ಅತಿ ದೊಡ್ಡ ರಾಕ್ಷಸ ಅಷ್ಟೇ. ಅದನ್ನು ಕೊಲ್ಲದೆ ಬಿಟ್ಟವನು ಕಳೆದುಕೊಂಡದ್ದು ಏನೂ ಇಲ್ಲ. ಅವನ ವಿವೇಕವನ್ನು ಮೆಚ್ಚಬೇಕು. ಅರ್ಧಕ್ಕೆ ಬಿಟ್ಟ ನೂರು ಆಟಗಳಲ್ಲಿ ತೊಂಬತ್ತಕ್ಕೂ ಮೀರಿ ಹಾಗೆಯೇ ಇರಲಿ ಎಂದು ನಾನೂ ಹೇಳುತ್ತೇನೆ.

ಆದರೆ ಕೆಲವು ಆಟಗಳ ಕೊನೆ ಬೇರೆ ಬಗೆಯದು. ಅಲ್ಲಿ ಕೊನೆ ಎಂದರೆ ಬಹುಮಾನವಲ್ಲ, ವಿಚಾರಣೆ. ಆಡಿದವನು ಮೊದಲಿಂದ ಏನೇನು ಮಾಡಿದ ಎಂಬುದರ ಲೆಕ್ಕ ಅಲ್ಲಿ ಎದುರಿಗೆ ಬರುತ್ತದೆ. ಅಂಥದ್ದನ್ನು ಅರ್ಧಕ್ಕೆ ಬಿಡುವುದೆಂದರೆ ತೀರ್ಪು ಕೇಳದೆ ಕೋರ್ಟಿನಿಂದ ಎದ್ದು ಬಂದ ಹಾಗೆ. ಈ ಸಾಲಿನಲ್ಲಿ ಮೊದಲು ಹೇಳಬೇಕಾದ ಹೆಸರು ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’. ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಐಲ್ ಸ್ಟುಡಿಯೋಸ್ ಇದನ್ನು 1999ರ ಡಿಸೆಂಬರ್‌ನಲ್ಲಿ ಹೊರತಂದಿತು. ಮುಖ್ಯ ವಿನ್ಯಾಸಕ ಕ್ರಿಸ್ ಅವೆಲೋನ್. ಆಗ ಇದು ಮಾರಾಟದಲ್ಲಿ ದೊಡ್ಡ ಸದ್ದು ಮಾಡಲಿಲ್ಲ. ಸುಮಾರು 8 ಲಕ್ಷ ಪದಗಳ ಬರಹವಿರುವ ಆಟವನ್ನು ಕತ್ತಿ ಬೀಸಲು ಬಂದ ಹುಡುಗರು ಎಷ್ಟು ದಿನ ಓದಿಯಾರು?

ಕಥೆ ಶುರುವಾಗುವುದು ಶವಾಗಾರದಲ್ಲಿ. ಸಿಗಿಲ್ ಎಂಬ ವಿಚಿತ್ರ ನಗರದ ಶವಾಗಾರದ ಕಲ್ಲುಮಂಚದ ಮೇಲೆ ಮೈತುಂಬ ಗಾಯದ ಗುರುತಿರುವ ಒಬ್ಬ ಎದ್ದು ಕೂರುತ್ತಾನೆ. ಹೆಸರು ನೆನಪಿಲ್ಲ. ಮೋರ್ಟ್ ಎಂಬ ಹಾರುವ ತಲೆಬುರುಡೆ ಅವನ ಬೆನ್ನ ಮೇಲಿನ ಹಚ್ಚೆಯನ್ನು ಓದಿ ಹೇಳುತ್ತದೆ. ಅದು ಅವನು ತನಗಾಗಿಯೇ ಬರೆಸಿಕೊಂಡ ಸೂಚನೆ. ಈ ಅನಾಮಿಕನಿಗೆ ಸಾವಿಲ್ಲ. ಸತ್ತಾಗಲೆಲ್ಲ ಮತ್ತೆ ಏಳುತ್ತಾನೆ, ಆದರೆ ಹಿಂದಿನ ಎಷ್ಟೋ ಸಾವುಗಳು ಅವನ ನೆನಪನ್ನು ಅಳಿಸಿವೆ. ತಾನು ಯಾರಾಗಿದ್ದೆ, ಯಾರಿಗೆ ಏನು ಮಾಡಿದೆ ಎಂದು ಹುಡುಕುವುದೇ ಆಟ.

ಕನ್ನಡ ಓದುಗರಿಗೆ ಇದು ತೀರಾ ಅಪರಿಚಿತ ಲೋಕವಲ್ಲ. ನಮ್ಮ ಜೈನ ಕಾವ್ಯಗಳ ಬೆನ್ನೆಲುಬೇ ಭವಾವಳಿ. 13ನೆಯ ಶತಮಾನದ ಜನ್ನನ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ತಾಯಿ ಮಗ ಜನ್ಮಜನ್ಮಾಂತರ ಪ್ರಾಣಿಗಳಾಗಿ ತೊಳಲುತ್ತಾರೆ, ಹಿಂದಿನ ಭವಗಳ ನೆನಪು ಬಂದಾಗ ಅವರ ದಿಕ್ಕು ಬದಲಾಗುತ್ತದೆ. ಅಲ್ಲಿ ನೆನಪು ಬಿಡುಗಡೆಯ ಬಾಗಿಲು. ಟಾರ್ಮೆಂಟ್‌ನಲ್ಲಿ ನೆನಪು ಸಾಲದ ಪತ್ರ, ಸಿಕ್ಕಿದಷ್ಟೂ ಹೊರೆ. ಅನಾಮಿಕ ಒಂದೊಂದು ಸಲ ಸತ್ತಾಗಲೂ ಅವನ ಬದಲು ಎಲ್ಲೋ ಇನ್ನೊಬ್ಬರ ಜೀವ ಹೋಗುತ್ತದೆ, ಹಾಗೆ ಸತ್ತವರೇ ನೆರಳುಗಳಾಗಿ ಅವನನ್ನು ಬೆನ್ನಟ್ಟುತ್ತಾರೆ ಎಂಬುದು ತಿಳಿಯುವಾಗ ಆಟ ಬಹುದೂರ ಸಾಗಿರುತ್ತದೆ. (1999ರ ಆಟದ ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಕ್ಷಮೆ ಕೇಳಬೇಕಿಲ್ಲ ಎಂದುಕೊಂಡಿದ್ದೇನೆ.)

ನನ್ನ ವಾದಕ್ಕೆ ಬೇಕಾದ ಗುಟ್ಟು ಇನ್ನೂ ಒಳಗಿದೆ. ಈ ಮನುಷ್ಯ ಮೊದಲು ಅಮರತ್ವ ಬೇಡಿದ್ದು ದುರಾಸೆಯಿಂದಲ್ಲ. ಮಾಡಿದ ಪಾಪ ಒಂದು ಆಯುಸ್ಸಿನಲ್ಲಿ ತೀರಿಸಲಾಗದಷ್ಟು ದೊಡ್ಡದಿತ್ತು. ಪ್ರಾಯಶ್ಚಿತ್ತಕ್ಕೆ ಸಮಯ ಬೇಕಿತ್ತು. ರೇವಲ್ ಎಂಬ ಮಾಟಗಾತಿಯ ಬಳಿ ಸಮಯ ಕೇಳಿದ, ಪಡೆದ. ಆದರೆ ಮೊದಲ ಸಾವಿನಲ್ಲೇ ನೆನಪು ಹೋಗಿ, ಸಮಯ ಕೇಳಿದ್ದು ಯಾತಕ್ಕೆ ಎಂಬುದನ್ನೇ ಮರೆತ. ‘ಆಮೇಲೆ ಮಾಡಿದರಾಯಿತು’ ಎಂಬ ಮಾತಿಗೆ ಇದಕ್ಕಿಂತ ಕ್ರೂರವಾದ ಟೀಕೆಯನ್ನು ನಾನು ಯಾವ ಆಟದಲ್ಲೂ ಕಂಡಿಲ್ಲ. ಪರೀಕ್ಷೆ ಮುಗಿಯಲಿ, ಕೆಲಸ ಸಿಗಲಿ, ಸ್ವಲ್ಪ ಬಿಡುವಾಗಲಿ ಎಂದು ಈ ಆಟವನ್ನೇ ಮುಂದೂಡಿದವನು ಅದಕ್ಕೆ ಮರಳಿದಾಗ, ಅವನ ಪರಿಸ್ಥಿತಿಗೂ ನಾಯಕನ ಪರಿಸ್ಥಿತಿಗೂ ಹೆಚ್ಚು ಅಂತರವಿರುವುದಿಲ್ಲ. ಒಂದೇ ಉಸಿರಿಗೆ ಆಡಿ ಮುಗಿಸಿದವರಿಗೆ ಮರೆವು ಬರೀ ಕಥೆಯ ತಂತ್ರ. ತಡಮಾಡಿ ಬಂದವನಿಗೆ ಅದು ಸ್ವಂತ ಅನುಭವ.

ಒಂದು ಸಣ್ಣ ವಿವರ ನೋಡಿ. ಮಾತುಕತೆಯ ಪಟ್ಟಿಯಲ್ಲಿ ಕೆಲವೊಮ್ಮೆ ಒಂದೇ ವಾಕ್ಯ ಎರಡು ಸಲ ಕಾಣುತ್ತದೆ: ಒಂದರ ಮುಂದೆ ‘ನಿಜ’ ಎಂದಿರುತ್ತದೆ, ಇನ್ನೊಂದರ ಮುಂದೆ ‘ಸುಳ್ಳು’. ಕೇಳಿಸಿಕೊಳ್ಳುವ ಪಾತ್ರಕ್ಕೆ ಎರಡೂ ಒಂದೇ ಮಾತು. ಮನಸ್ಸಿನಲ್ಲಿ ಏನಿಟ್ಟುಕೊಂಡು ಆಡಿದೆ ಎಂಬುದು ಆಡುವವನಿಗೆ ಮತ್ತು ಆಟಕ್ಕೆ ಮಾತ್ರ ಗೊತ್ತು. ಅದರ ಮೇಲೆ ನಾಯಕನ ಗುಣ ಒಳ್ಳೆಯದರ ಕಡೆಗೋ ಕೆಟ್ಟದರ ಕಡೆಗೋ ಸರಿಯುತ್ತಾ ಹೋಗುತ್ತದೆ. ಹದಿನೈದು ವರ್ಷ ಕಳೆದ ಮೇಲೆ ಹಳೆಯ ಸೇವ್ ಫೈಲ್ ತೆರೆದವನಿಗೆ ಯಾರಿಗೆ ಕೊಟ್ಟ ಮಾತು ನಿಜ, ಯಾರಿಗೆ ಕೊಟ್ಟದ್ದು ಸುಳ್ಳು ಎಂಬುದು ಮರೆತೇಹೋಗಿರುತ್ತದೆ. ಆಟ ಮರೆತಿರುವುದಿಲ್ಲ. ಡೈಯೊನಾರಾ ಎಂಬ ಹೆಣ್ಣಿನ ಪ್ರೇತ ನಾಯಕನ ಮೇಲೆ ಇನ್ನೂ ಪ್ರೀತಿ ಇಟ್ಟುಕೊಂಡಿದೆ. ಆದರೆ ಅವನ ಒಂದು ಹಿಂದಿನ ಅವತಾರ ಅವಳನ್ನು ಪ್ರೀತಿಸುವ ನಾಟಕವಾಡಿದ್ದು ಬರೀ ಅವಳನ್ನು ಬಳಸಿಕೊಳ್ಳಲು. ಅವಳ ಅನುಭವವನ್ನು ಹಿಡಿದಿಟ್ಟ ಕಲ್ಲೊಂದನ್ನು ಮುಟ್ಟಿದಾಗ ಅವಳ ಹಂಬಲ ಮತ್ತು ಅವನ ಲೆಕ್ಕಾಚಾರ ಎರಡೂ ಒಟ್ಟಿಗೆ ನಾಯಕನ ಮೇಲೆ ಎರಗುತ್ತವೆ. ತಾನೇ ಆಡಿದ, ಆದರೆ ನೆನಪಿಲ್ಲದ ಮಾತಿಗೆ ತಾನು ಹೊಣೆಯೇ ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳುವ ದೃಶ್ಯ ಈ ಮಾಧ್ಯಮದಲ್ಲಿ ವಿರಳ.

ಹಾಗಾಗಿ ಹಳೆಯ ಸೇವ್ ಫೈಲ್ ಉಳಿದಿದ್ದರೆ ಅಲ್ಲಿಂದಲೇ ಮುಂದುವರಿಸಬೇಕು ಎನ್ನುವುದು ನನ್ನ ಪಕ್ಷ. ಬಹಳಷ್ಟು ಜನ ಮೊದಲಿಂದ ಶುರುಮಾಡಿ ಎನ್ನುತ್ತಾರೆ. ಹೊಸದಾಗಿ ಶುರುಮಾಡಿದವನು ಈ ಸಲ ಜಾಣನಾಗಿ, ಸಜ್ಜನನಾಗಿ ಆಡುತ್ತಾನೆ. ಇಪ್ಪತ್ತರ ಹುಡುಗ ಮಾಡಿದ ಎಡವಟ್ಟು, ಹೇಳಿದ ಸುಳ್ಳು ಎಲ್ಲ ತೊಳೆದುಹೋಗುತ್ತದೆ. ಅದೇ ಇಲ್ಲಿ ಆಗಬಾರದ್ದು. ನಾಯಕನಿಗೆ ಅಂಥ ಸವಲತ್ತು ಸಿಕ್ಕಿಲ್ಲ. ಆಟದೊಳಗಿನ ಜರ್ನಲ್ ಅವನದೇ ದನಿಯಲ್ಲಿ ಬರೆದದ್ದು; ಅದನ್ನು ಬೇರೊಬ್ಬನ ದಿನಚರಿಯಂತೆ ಓದಿಕೊಂಡು ಮುಂದುವರಿದರೆ ಸಾಕು. ಹಾರ್ಡ್ ಡಿಸ್ಕ್ ಹಾಳಾಗಿ ಫೈಲೇ ಇಲ್ಲವೆಂದರೆ ಬೇರೆ ಮಾತು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದನ್ನು ಹೇಳಲೇಬೇಕು: ಈ ಆಟದ ಹೊಡೆದಾಟ ನೀರಸ. ಸಿಗಿಲ್ ನಗರದಲ್ಲಿ ಮಾತೇ ಬಂಡವಾಳ. ನಾಯಕನಿಗೆ ತೋಳ್ಬಲಕ್ಕಿಂತ ವಿವೇಕ, ಬುದ್ಧಿ ಹೆಚ್ಚಿಸಿದರೆ ಹೆಚ್ಚು ಬಾಗಿಲು ತೆರೆಯುತ್ತವೆ. ಆದರೆ ನಗರ ಬಿಟ್ಟು ಕರ್ಸ್ಟ್ ಎಂಬ ಊರು, ಅದರಾಚೆಯ ನರಕಲೋಕ ಎಂದು ಹೊರಟ ಮೇಲೆ ಬರಹ ತೆಳುವಾಗುತ್ತದೆ, ಕಾದಾಟ ಹೆಚ್ಚುತ್ತದೆ. ಎಷ್ಟೋ ಜನ ಬಿಟ್ಟದ್ದು ಇಲ್ಲಿಯೇ ಇದ್ದೀತು. ಅದು ಅವರ ತಪ್ಪಲ್ಲ. ಇಲ್ಲಿ ಕಾಠಿಣ್ಯದ ಮಟ್ಟ ಇಳಿಸಿ, ಬೇಕಾದರೆ ವಾಕ್‌ಥ್ರೂ (ಹೆಜ್ಜೆಹೆಜ್ಜೆಗೂ ದಾರಿ ಹೇಳುವ ಕೈಪಿಡಿ) ನೋಡಿ ದಾಟಿ. ನಲವತ್ತರ ಬೆರಳುಗಳು ಯಾರಿಗೂ ಶೌರ್ಯ ತೋರಿಸಬೇಕಿಲ್ಲ. ಆದರೆ ಮಾತುಕತೆಯಲ್ಲಿ ಏನು ಹೇಳಬೇಕು ಎಂಬುದನ್ನು ಮಾತ್ರ ಯಾವ ಕೈಪಿಡಿಯನ್ನೂ ಕೇಳಬೇಡಿ.

ಕಾರಣ ರೇವಲ್‌ಳ ಪ್ರಶ್ನೆ. ತನ್ನ ಚಕ್ರವ್ಯೂಹದೊಳಗೆ ಕೂತ ಆ ಮುದುಕಿ, ಮನುಷ್ಯನ ಸ್ವಭಾವವನ್ನು ಬದಲಿಸುವುದು ಯಾವುದು ಎಂದು ಕೇಳುತ್ತಾಳೆ. ಉತ್ತರಗಳ ಉದ್ದ ಪಟ್ಟಿಯೇ ಬರುತ್ತದೆ. ಅವಳಿಗೆ ಬೇಕಾದದ್ದು ಸರಿಯುತ್ತರವಲ್ಲ, ಇವನ ಉತ್ತರ. ಮದುವೆ, ಸಾವು, ಸಾಲ, ಮಕ್ಕಳು ಯಾವುದನ್ನೂ ಕಾಣದ ವಯಸ್ಸಿನಲ್ಲಿ ಆರಿಸುವ ಸಾಲು ಒಂದು. ಅವೆಲ್ಲವನ್ನೂ ಕಂಡವನು ಆರಿಸುವುದು ಬೇರೆ. ತಡವಾಗಿ ಮುಗಿಸುವುದರಲ್ಲಿ ಲಾಭವಿದ್ದರೆ ಅದು ಇಲ್ಲಿದೆ. ಕೊನೆಯಲ್ಲಿ ಕತ್ತಿ ಎತ್ತದೆ ಮಾತಿನಲ್ಲೇ ತೀರ್ಮಾನಕ್ಕೆ ಬರುವ ದಾರಿಯೂ ಇದೆ. ಗೆದ್ದರೂ ನಾಯಕನಿಗೆ ಸಿಂಹಾಸನ ಸಿಗುವುದಿಲ್ಲ. ಸಾಯುವ ಹಕ್ಕು ಮರಳಿ ಪಡೆದು, ಮಾಡಿದ್ದಕ್ಕೆ ಬೆಲೆ ತೆರಲು ಅವನು ನರಕದ ಯುದ್ಧಕ್ಕೆ ನಡೆಯುತ್ತಾನೆ.

ಅರ್ಧಕ್ಕೆ ಬಿಟ್ಟ ಆಟಗಳ ಪಟ್ಟಿಯಲ್ಲಿ ನಿಮ್ಮದೂ ಒಂದಿದ್ದರೆ, ಅದರ ಕೊನೆಯಲ್ಲಿರುವುದು ರಾಕ್ಷಸನೋ ವಿಚಾರಣೆಯೋ ಎಂದು ಮೊದಲು ವಿಚಾರಿಸಿ. ರಾಕ್ಷಸನಾದರೆ ಡಿಲೀಟ್ ಮಾಡಿ, ಪಶ್ಚಾತ್ತಾಪ ಬೇಡ. ಟಾರ್ಮೆಂಟ್ ಆದರೆ, ಬೀಮ್‌ಡಾಗ್ ಕಂಪನಿ 2017ರಲ್ಲಿ ಹೊರತಂದ ಪರಿಷ್ಕೃತ ಆವೃತ್ತಿ ಇದೆ. ಫೋನಿನಲ್ಲೂ ಆಡಬಹುದು, ಹಳೆಯ ಸಿ.ಡಿ. ಸಿಗುವುದಿಲ್ಲ ಎಂಬ ನೆಪ ಈಗ ನಡೆಯುವುದಿಲ್ಲ.