ಬೆಣಚುಕಲ್ಲಿನ ಲೆಕ್ಕ ಯಾರ ಕೈಯಲ್ಲಿ?

ಬೆಣಚುಕಲ್ಲು ನಮ್ಮ ಸೀಮೆಯ ಜನಕ್ಕೆ ಅಪರೂಪದ ವಸ್ತುವಲ್ಲ. ನೇಗಿಲಿಗೆ ಅಡ್ಡ ಸಿಕ್ಕಿದರೆ ರೈತ ಅದನ್ನು ಎತ್ತಿ ಬದುವಿಗೆ ಎಸೆಯುತ್ತಾನೆ. ಕತ್ತಲಲ್ಲಿ ಎರಡು ಕಲ್ಲು ಉಜ್ಜಿ ಕಿಡಿ ತೆಗೆಯುವುದು ಹುಡುಗರ ಆಟ. ಬಂಡೆಯ ಮೈಮೇಲೆ ಸುಣ್ಣದ ಪಟ್ಟಿ ಎಳೆದಂತೆ ಕಾಣುವುದೂ ಇದೇ ಕಲ್ಲು. ಬಂಡೆಯ ಬಿರುಕಿನಲ್ಲಿ ಬೆಳೆಯಲು ಜಾಗ ಸಿಕ್ಕ ಕಡೆ ಅದು ಆರು ಮುಖದ ಹರಳಾಗುತ್ತದೆ. ಆಗ ನಾವು ಅದನ್ನು ಸ್ಫಟಿಕ ಎನ್ನುತ್ತೇವೆ. ಕೇಳುವವರಿಲ್ಲದೆ ಬಿದ್ದಿದ್ದ ಈ ಕಲ್ಲಿನ ಮೇಲೆ ಈಗ ದೊಡ್ಡ ಬಂಡವಾಳದ ಕಣ್ಣು ಬಿದ್ದಿದೆ. ಅದು ಏಕೆ ಎಂಬುದನ್ನು ಗಿರಣಿಯಲ್ಲಿ ದುಡಿಯುವವರೂ ಸಣ್ಣ ಅಂಗಡಿ ಇಟ್ಟುಕೊಂಡವರೂ ಈಗಲೇ ತಿಳಿದುಕೊಳ್ಳಬೇಕು.

೨೦೨೫ರ ಫೆಬ್ರವರಿ ೨೦ರಂದು ಕೇಂದ್ರ ಗಣಿ ಮಂತ್ರಾಲಯ ಒಂದು ಅಧಿಸೂಚನೆ ಹೊರಡಿಸಿತು. ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಅಭ್ರಕ, ಬೆರೈಟ್ಸ್ ಈ ನಾಲ್ಕನ್ನು ಉಪಖನಿಜಗಳ ಪಟ್ಟಿಯಿಂದ ತೆಗೆದು ಮುಖ್ಯ ಖನಿಜಗಳ ಸಾಲಿಗೆ ಸೇರಿಸಿತು. ಇವನ್ನು ಉಪಖನಿಜಗಳೆಂದು ಕೆಳಗಿಳಿಸಿ ರಾಜ್ಯಗಳ ಕೈಗೆ ಕೊಟ್ಟದ್ದೂ ಅದೇ ಕೇಂದ್ರ ಸರಕಾರ, ೨೦೧೫ರಲ್ಲಿ. ಹತ್ತು ವರ್ಷದಲ್ಲಿ ಕಲ್ಲು ಬದಲಾಗಲಿಲ್ಲ, ಅದರ ಬೆಲೆ ತಿಳಿಯಿತು. ಮಂತ್ರಾಲಯವೇ ಕೊಟ್ಟ ಕಾರಣ ಗಮನಿಸತಕ್ಕದ್ದು. ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಅಭ್ರಕ ಮೂರೂ ಒಟ್ಟಾಗಿ ದೊರೆಯುವ ಪೆಗ್ಮಟೈಟ್ ಎಂಬ ಶಿಲೆಯಲ್ಲಿ ಲೀಥಿಯಂ, ಬೆರಿಲ್, ನಿಯೋಬಿಯಂ, ಟ್ಯಾಂಟಲಂ ಮುಂತಾದ ಬೆಲೆಬಾಳುವ ಧಾತುಗಳೂ ಅಡಗಿರುತ್ತವೆ. ಗಾಜಿಗೂ ಪಿಂಗಾಣಿಗೂ ಎಂದು ಕಲ್ಲು ತೆಗೆಯಲು ಗುತ್ತಿಗೆ ಪಡೆದವರು ಅದರಲ್ಲಿ ಇವು ಇವೆಯೆಂದು ತಿಳಿಸುತ್ತಿರಲಿಲ್ಲ, ಬೇರ್ಪಡಿಸುತ್ತಲೂ ಇರಲಿಲ್ಲ. ಇದು ನಮ್ಮ ಆರೋಪವಲ್ಲ, ಸರಕಾರದ ಒಪ್ಪಿಗೆ.

ಮಂಡ್ಯದ ಕಬ್ಬಿನ ರೈತನಿಗೂ ಸಕ್ಕರೆ ಕಾರ್ಖಾನೆಯ ಕಾರ್ಮಿಕನಿಗೂ ಈ ವ್ಯವಹಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ರೈತನಿಗೆ ದೊರೆಯುವುದು ಕಬ್ಬಿನ ತೂಕದ ಹಣ. ಆ ಕಬ್ಬಿನಿಂದ ಸಕ್ಕರೆ ಬರುತ್ತದೆ, ಕಾಕಂಬಿ ಬರುತ್ತದೆ, ಕಾಕಂಬಿಯಿಂದ ಮದ್ಯಸಾರ ಬರುತ್ತದೆ, ಸಿಪ್ಪೆಯಿಂದ ವಿದ್ಯುತ್ತೂ ಬರುತ್ತದೆ. ಅದರಲ್ಲಿ ತನಗೆ ಪಾಲೆಷ್ಟು ಎಂದು ರೈತ ಕೇಳಿದಾಗಲೆಲ್ಲ ಲೆಕ್ಕದ ಪುಸ್ತಕ ಮುಚ್ಚಿಕೊಂಡಿದೆ. ಕಲ್ಲಿನ ವಿಷಯದಲ್ಲೂ ಹಾಗೆಯೇ. ರಾಜಧನ ಕಟ್ಟುವುದು ಬಿಳಿಕಲ್ಲಿನ ಹೆಸರಿನಲ್ಲಿ. ಲಾರಿಯಲ್ಲಿ ಹೋಗುವುದರಲ್ಲಿ ಇನ್ನೇನಿದೆ ಎಂಬುದನ್ನು ನೋಡುವವರಿಲ್ಲ.

ಈ ಅಧಿಸೂಚನೆಯಿಂದ ಇಂಡಿಯನ್ ಬ್ಯೂರೋ ಆಫ್ ಮೈನ್ಸ್‌ನ ಹತೋಟಿ ಬರುವುದಾದರೆ ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಅದರ ಬೆನ್ನಲ್ಲೇ ಇನ್ನೊಂದು ಅಂಶವಿದೆ. ಮುಖ್ಯ ಖನಿಜವಾದ ಮೇಲೆ ಹಳೆಯ ಗುತ್ತಿಗೆಗಳ ಅವಧಿ, ಕೊಟ್ಟ ದಿನದಿಂದ ೫೦ ವರ್ಷದವರೆಗೆ ಹಿಗ್ಗುತ್ತದೆ. ಇದ್ದದ್ದನ್ನು ತಿಳಿಸದವರಿಗೆ ದಂಡ ಬೀಳುವ ಬದಲು ದೀರ್ಘಾಯುಷ್ಯ ದೊರೆಯುವಂತಾಯಿತು. ಇದು ಯಾವ ನ್ಯಾಯ?

ಇದು ದೂರದ ದೇಶದ ಮಾತಲ್ಲ. ನಮ್ಮ ಜಿಲ್ಲೆಯಲ್ಲೇ, ಶ್ರೀರಂಗಪಟ್ಟಣದ ಕಡೆಯ ಮರಳಗಾಲ, ಅಲ್ಲಾಪಟ್ಟಣ ಸುತ್ತಿನ ನೆಲದಲ್ಲಿ ಇಂಥ ಪೆಗ್ಮಟೈಟ್ ಇದೆ. ಪರಮಾಣು ಖನಿಜ ನಿರ್ದೇಶನಾಲಯದವರು ಅಲ್ಲಿ ಲೀಥಿಯಂ ಹುಡುಕಿದ್ದಾರೆ. ೨೦೨೦ರಲ್ಲಿ ೧೪,೧೦೦ ಟನ್ ಇದೆಯೆಂಬ ಅಂದಾಜು ಪತ್ರಿಕೆಗಳಲ್ಲಿ ಬಂತು. ಊರೂರಲ್ಲಿ ಜನ ಅದನ್ನೇ ಆಡಿಕೊಂಡರು. ಮರುವರ್ಷ ಸರಕಾರ ಸಂಸತ್ತಿನಲ್ಲಿ ಹೇಳಿದ ಅಂಕಿ ೧,೬೦೦ ಟನ್, ಅದೂ ಊಹಿತ ದರ್ಜೆಯದು. ಖನಿಜ ಶೋಧದಲ್ಲಿ ಮೆಟ್ಟಿಲುಗಳಿವೆ. ಮೊದಲು ಹಳ್ಳದಲ್ಲಿ ಉರುಳಿಬಂದ ಕಲ್ಲನ್ನು ಹಿಡಿದು ಅದು ಯಾವ ಗುಡ್ಡದಿಂದ ಬಂತೆಂದು ಮೇಲಕ್ಕೆ ಹತ್ತುತ್ತಾರೆ. ಆಮೇಲೆ ನಕ್ಷೆ ಬರೆಯುತ್ತಾರೆ, ಕಾಲುವೆಯಂತೆ ಅಗೆದು ನೋಡುತ್ತಾರೆ, ಕೊನೆಗೆ ಕೊಳವೆ ಕೊರೆದು ಒಳಗಿನ ಕಲ್ಲನ್ನು ಎತ್ತಿ ಪರೀಕ್ಷಿಸುತ್ತಾರೆ. ಊಹಿತ ದರ್ಜೆ ಎಂದರೆ ಈ ಏಣಿಯ ಕೆಳಗಿನ ಮೆಟ್ಟಿಲು. ಜಮ್ಮು ಪ್ರಾಂತದ ರಿಯಾಸಿಯಲ್ಲಿ ೫೯ ಲಕ್ಷ ಟನ್ ಲೀಥಿಯಂ ಅದಿರು ಇದೆಯೆಂದು ೨೦೨೩ರಲ್ಲಿ ದೊಡ್ಡದಾಗಿ ಸಾರಲಾಯಿತು. ಅದೂ ಊಹಿತ ದರ್ಜೆಯೇ. ಹರಾಜಿಗೆ ಇಟ್ಟಾಗ ಸಾಕಷ್ಟು ಜನ ಮುಂದೆ ಬಾರದೆ ೨೦೨೪ರಲ್ಲಿ ಅದು ರದ್ದಾಯಿತು. ಆದ್ದರಿಂದ ಇಂಥ ಅಂಕಿ ಕೇಳಿ ಹೊಲ ಮಾರುವ, ಕೊಳ್ಳುವ ಆತುರಕ್ಕೆ ಬೀಳಬೇಡಿರೆಂದು ನಮ್ಮ ರೈತರಿಗೂ ವ್ಯಾಪಾರಿಗಳಿಗೂ ಹೇಳುತ್ತೇವೆ.

ಹೊಳೆಯುವ ಹರಳಿನ ವಿಷಯದಲ್ಲೂ ಒಂದು ಮಾತು ಅಗತ್ಯ. ಸ್ಫಟಿಕವನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂಬುದನ್ನು ೧೮೮೦ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಹಿಡಿದರು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ರೇಡಿಯೋಗಳಿಗಾಗಿ ಬ್ರೆಜಿಲ್ ದೇಶದ ಗುಡ್ಡಗಳಿಂದ ನೈಸರ್ಗಿಕ ಹರಳನ್ನು ರಾಶಿ ರಾಶಿಯಾಗಿ ಸಾಗಿಸಿದರು. ಯುದ್ಧದ ನಂತರ, ೧೯೫೦ರ ದಶಕದಿಂದ, ಒತ್ತಡದ ಕಬ್ಬಿಣದ ಪಾತ್ರೆಗಳಲ್ಲಿ ಹರಳನ್ನು ಬೆಳೆಸುವ ವಿದ್ಯೆ ಕೈಗೆ ಬಂತು. ಇಂದು ಕೈಗಡಿಯಾರದಲ್ಲಿ ಸೆಕೆಂಡಿಗೆ ೩೨,೭೬೮ ಸಲ ಮಿಡಿಯುವ ಹರಳು ಕಾರ್ಖಾನೆಯಲ್ಲಿ ಬೆಳೆದದ್ದು. ಗುಡ್ಡದ ಹರಳಿಗೆ ರೇಡಿಯೋ ಕಾಲದ ಬೆಲೆ ಬರುತ್ತದೆಂದು ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿರಿ. ಸ್ಫಟಿಕದ ಮಣಿಸರ ಮಾರುವ ಅಂಗಡಿಕಾರರೂ ಎಚ್ಚರವಾಗಿರಲಿ: ನಿಜವಾದ ಸ್ಫಟಿಕ ಗಾಜನ್ನು ಗೀರುತ್ತದೆ, ಮುಟ್ಟಿದರೆ ಗಾಜಿಗಿಂತ ತಣ್ಣಗಿರುತ್ತದೆ, ಒಳಗೆ ದುಂಡು ಗುಳ್ಳೆಗಳು ಕಂಡರೆ ಅದು ಬಹುತೇಕ ಗಾಜು.

ಹಾಗಾದರೆ ಬೆಣಚುಕಲ್ಲಿಗೆ ಬೆಲೆಯೇ ಇಲ್ಲವೇ? ಇದೆ. ಆ ಬೆಲೆ ಅದರ ಶುದ್ಧತೆಯಲ್ಲಿದೆ. ಅಮೆರಿಕದ ಉತ್ತರ ಕೆರೊಲಿನಾದ ಬೆಟ್ಟಗಳ ನಡುವೆ ಸ್ಪ್ರೂಸ್ ಪೈನ್ ಎಂಬ ಸಣ್ಣ ಊರಿದೆ. ಕಂಪ್ಯೂಟರಿಗೂ ಸೌರಫಲಕಕ್ಕೂ ಬೇಕಾದ ಸಿಲಿಕಾನನ್ನು ಕರಗಿಸುವ ಮೂಸೆಗಳಿಗೆ ಅಲ್ಲಿನ ಶುದ್ಧ ಬೆಣಚುಕಲ್ಲೇ ಆಧಾರ. ೨೦೨೪ರ ಸೆಪ್ಟೆಂಬರಿನ ಚಂಡಮಾರುತಕ್ಕೆ ಆ ಗಣಿಗಳು ನಿಂತಾಗ ಜಗತ್ತಿನ ದೊಡ್ಡ ದೊಡ್ಡ ಕಂಪೆನಿಗಳು ಕಂಗಾಲಾದವು. ಕಲ್ಲು ತೊಳೆದು ಶುದ್ಧ ಮಾಡುವವನಿಗೆ ಲಾಭ, ಹಸಿ ಕಲ್ಲು ಮಾರುವವನಿಗೆ ಲಾರಿ ಬಾಡಿಗೆ. ನಮ್ಮ ಜಿಲ್ಲೆಯ ಪಾಲಿಗೆ ಎರಡರಲ್ಲಿ ಯಾವುದು ಬರಬೇಕೆಂಬುದನ್ನು ಮೊದಲೇ ತೀರ್ಮಾನಿಸಬೇಕು.

ಮಳವಳ್ಳಿ ತಾಲ್ಲೂಕಿನ ಬ್ಲಫ್ ಈ ಪಾಠವನ್ನು ನೂರು ವರ್ಷದ ಹಿಂದೆಯೇ ಕಲಿಸಿದೆ. ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯಿಂದ ವಿದ್ಯುತ್ತು ತೆಗೆದು ೧೯೦೨ರ ಜೂನ್ ೩೦ರಂದು ಹರಿಸಿದ್ದು ಎಲ್ಲಿಗೆ? ಪಕ್ಕದ ಮಳವಳ್ಳಿಗಲ್ಲ, ಮದ್ದೂರಿಗಲ್ಲ. ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ. ಏಷ್ಯದಲ್ಲೇ ಹೆಸರಾದ ಆ ಕೆಲಸ ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯ ಫಲ, ಅದರಲ್ಲಿ ಸಂಶಯವಿಲ್ಲ. ಆದರೆ ಕೋಲಾರದ ಚಿನ್ನ ಇದ್ದದ್ದು ಇದೇ ಬೆಣಚುಕಲ್ಲಿನ ನಾಳಗಳಲ್ಲಿ. ಬ್ಲಫ್‌ನ ಬಲದಿಂದ ಆ ಕಲ್ಲನ್ನು ಮೇಲೆತ್ತಿ ಕುಟ್ಟಿ ಪುಡಿ ಮಾಡಿ ಚಿನ್ನ ತೆಗೆದರು; ಲಾಭ ಜಾನ್ ಟೇಲರ್ ಕಂಪೆನಿಯ ಆಡಳಿತದಲ್ಲಿ ಲಂಡನ್ನಿನ ಷೇರುದಾರರಿಗೆ ಹೋಯಿತು. ತಂತಿ ತಲೆಯ ಮೇಲೆ ಹಾದುಹೋದ ಹಳ್ಳಿಗಳ ಗುಡಿಸಲಿಗೆ ದೀಪ ಬರಲು ದಶಕಗಳು ಬೇಕಾದವು. ೧೯೫೬ರಲ್ಲಿ ಮೈಸೂರು ಸರಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು, ಮುಂದೆ ಅವು ಕೇಂದ್ರದ ಕೈಗೆ ಹೋದವು, ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದವು. ಅಲ್ಲಿ ದುಡಿದವರ ಮಕ್ಕಳು ಬೆಳಗಿನ ರೈಲಿಗೆ ನೇತುಬಿದ್ದು ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ.

ಆ ಕಲ್ಲು ಕಾರ್ಮಿಕನಿಗೆ ಕೊಟ್ಟದ್ದು ಇನ್ನೊಂದಿದೆ: ಧೂಳು. ಬೆಣಚುಕಲ್ಲಿನ ಸಣ್ಣ ಧೂಳು ಶ್ವಾಸಕೋಶದ ಆಳಕ್ಕಿಳಿದರೆ ಹೊರಗೆ ಬರುವುದಿಲ್ಲ. ಒಳಗೇ ಗಾಯ ಮಾಡಿ, ಗಾಯ ಮಾಯ್ದ ಕಡೆಯೆಲ್ಲ ಗಂಟು ಕಟ್ಟುತ್ತದೆ. ಈ ರೋಗಕ್ಕೆ ಸಿಲಿಕೋಸಿಸ್ ಎಂದು ಹೆಸರು. ಇದು ಗುಣವಾಗುವ ರೋಗವಲ್ಲ. ಇದರ ಬೆನ್ನಿಗೆ ಕ್ಷಯವೂ ಬರುತ್ತದೆ. ಇಂಡಿಯಾದಲ್ಲಿ ಇದು ಮೊದಲು ವರದಿಯಾದದ್ದೇ ಕೋಲಾರದ ಗಣಿಯಿಂದ. ೧೯೪೭ರ ಆ ವರದಿಯ ಪ್ರಕಾರ ಪರೀಕ್ಷಿಸಿದ ೭,೬೫೩ ಕಾರ್ಮಿಕರಲ್ಲಿ ನೂರಕ್ಕೆ ಸುಮಾರು ೪೪ ಜನಕ್ಕೆ ಈ ರೋಗವಿತ್ತು. ೧೯೪೮ರ ಫ್ಯಾಕ್ಟರಿ ಕಾಯಿದೆ ಇದನ್ನು ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಸಾವು ನಿಲ್ಲಲಿಲ್ಲ. ಗುಜರಾತಿನ ಗೋಧ್ರಾ ಮುಂತಾದ ಕಡೆ ಬೆಣಚುಕಲ್ಲು ಪುಡಿ ಮಾಡುವ ಘಟಕಗಳಿಗೆ ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ, ಧಾರ್ ಜಿಲ್ಲೆಗಳ ಆದಿವಾಸಿಗಳು ಕೂಲಿಗೆ ಹೋದರು. ಹರೆಯದಲ್ಲಿ ಹೋದವರು ಕೆಲವೇ ವರ್ಷದಲ್ಲಿ ಉಸಿರು ಕಟ್ಟಿ ಹಿಂದಿರುಗಿ ಸತ್ತರು. ಸತ್ತ ೨೩೮ ಮಂದಿಯ ಮನೆಯವರಿಗೆ ತಲಾ ಮೂರು ಲಕ್ಷ ರೂಪಾಯಿ ಕೊಡಬೇಕೆಂದು ೨೦೧೬ರಲ್ಲಿ ಸುಪ್ರೀಂ ಕೋರ್ಟು ಗುಜರಾತ್ ಸರಕಾರಕ್ಕೆ ಆಜ್ಞೆ ಮಾಡಿತು. ಅಕ್ಕಿ ಗಿರಣಿಯ ತೌಡಿನ ಧೂಳಿಗೆ ಕೆಮ್ಮುವ ನಮ್ಮ ಕಾರ್ಮಿಕರು, ಹೆಚ್ಚು ಕೂಲಿಯ ಆಸೆಗೆ ನಾಳೆ ಕಲ್ಲಿನ ಗಿರಣಿಗೆ ಹೋಗುವ ಮುನ್ನ ಈ ಸಂಗತಿಯನ್ನು ಅರಿತಿರಬೇಕು.

ಗಣಿ ಬಂದರೆ ಕೆಲಸ ಬರುತ್ತದೆ, ಅಂಗಡಿಗೆ ವ್ಯಾಪಾರ ಬರುತ್ತದೆ, ಅದಕ್ಕೇಕೆ ಅಡ್ಡಿ ಎಂದು ಕೇಳುವವರಿದ್ದಾರೆ. ಅವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಮಳೆ ನಂಬಿದ ಹೊಲ, ಬಾಕಿ ನಿಂತ ಕಬ್ಬಿನ ಹಣ, ಬೆಂಗಳೂರಿಗೆ ಗುಳೆ ಹೋಗುವ ಮಕ್ಕಳು, ಇವುಗಳ ನಡುವೆ ಕೆಲಸ ಬೇಕೆನ್ನುವುದು ತಪ್ಪಲ್ಲ. ದೇಶಕ್ಕೆ ಬ್ಯಾಟರಿ ಬೇಕು, ಸೌರಫಲಕ ಬೇಕು, ಅದಕ್ಕೆ ಖನಿಜ ಬೇಕು. ಸಮಾಜವಾದಿಗಳು ಯಂತ್ರದ ವೈರಿಗಳಲ್ಲ, ಗಣಿಯ ವೈರಿಗಳೂ ಅಲ್ಲ. ನಮ್ಮ ಜಗಳ ಅಳತೆಯದು. ೧೯೫೧ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾವುದಕ್ಕೆ? ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದಾಗಿತ್ತು ಎಂಬುದಕ್ಕೆ. ಭೂಮಾಲಿಕನ ಕೊಳಗವನ್ನು ಪ್ರಶ್ನಿಸಿದ ಆ ಸತ್ಯಾಗ್ರಹ ಈ ನಾಡಿನ ಭೂಸುಧಾರಣೆಗೆ ದಾರಿ ಮಾಡಿತು. ಗಣಿ ಗುತ್ತಿಗೆದಾರನ ಕೊಳಗವನ್ನು ಪ್ರಶ್ನಿಸುವ ಕಾಲ ಈಗ ಬಂದಿದೆ.

ಆದ್ದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇವೆ.

ಒಂದು: ಜಿಲ್ಲೆಯಲ್ಲಿ ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಅಭ್ರಕಕ್ಕೆ ಕೊಟ್ಟ ಗುತ್ತಿಗೆಗಳೂ ಶೋಧನೆಯ ಪರವಾನಗಿಗಳೂ ಏನೇನಿವೆಯೋ ಅವೆಲ್ಲದರ ಪಟ್ಟಿಯನ್ನು ಸರ್ವೆ ನಂಬರು, ವಿಸ್ತೀರ್ಣ, ಅವಧಿ ಸಮೇತ ಕನ್ನಡದಲ್ಲಿ ಆಯಾ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು.

ಎರಡು: ಅವಧಿ ಹಿಗ್ಗುವ ಮುನ್ನ ಪ್ರತಿ ಗುತ್ತಿಗೆಯ ಕಲ್ಲನ್ನೂ ಸರಕಾರಿ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಅದರಲ್ಲಿ ಲೀಥಿಯಂ, ಬೆರಿಲ್ ಎಷ್ಟಿದೆ ಎಂಬುದನ್ನು ಪ್ರಕಟಿಸಬೇಕು. ಲಾರಿಯ ತೂಕದ ಚೀಟಿ ಪಂಚಾಯಿತಿಗೂ ಒಂದು ಪ್ರತಿ ಬರಬೇಕು.

ಮೂರು: ಒಣ ಕಲ್ಲನ್ನು ಕೊರೆಯುವುದು, ಒಣದಾಗಿ ಪುಡಿ ಮಾಡುವುದು ನಿಲ್ಲಬೇಕು, ನೀರು ಹಾಯಿಸಿಯೇ ಕೊರೆಯಬೇಕು. ಕಂಟ್ರಾಕ್ಟು ಕೂಲಿಗಳೂ ಸೇರಿ ಪ್ರತಿಯೊಬ್ಬನಿಗೂ ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ಆಗಬೇಕು, ಅದರ ಪ್ರತಿ ಅವನ ಕೈಯಲ್ಲಿರಬೇಕು. ಕೆಲಸ ಬಿಟ್ಟ ಹತ್ತು ವರ್ಷದ ಮೇಲೂ ರೋಗ ಕಾಣಿಸಬಹುದಾದ್ದರಿಂದ ಹಾಜರಿ ಪುಸ್ತಕದಲ್ಲಿ ಅವನ ಹೆಸರು ಇರಲೇಬೇಕು, ಹೆಸರಿಲ್ಲದವನಿಗೆ ಪರಿಹಾರವಿಲ್ಲ. ರಾಜಸ್ಥಾನ ಸರಕಾರ ೨೦೧೯ರಲ್ಲಿ ಈ ರೋಗಕ್ಕೆಂದೇ ಒಂದು ನೀತಿ ಮಾಡಿ, ರೋಗ ಖಚಿತವಾದವರಿಗೂ ಸತ್ತವರ ಮನೆಯವರಿಗೂ ಹಣ ನಿಗದಿ ಮಾಡಿತು. ನಮ್ಮ ಜಿಲ್ಲೆಯ ಕಲ್ಲಿನ ಕಾರ್ಮಿಕನಿಗೆ ಅದಕ್ಕಿಂತ ಕಡಿಮೆ ಆಗಬಾರದು.

ನಾಲ್ಕು: ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ೨೦೧೫ಕ್ಕೆ ಹಿಂದಿನ ಗುತ್ತಿಗೆಯಿಂದ ರಾಜಧನದ ನೂರಕ್ಕೆ ೩೦ರಷ್ಟು, ಹರಾಜಿನಲ್ಲಿ ಕೊಟ್ಟ ಹೊಸ ಗುತ್ತಿಗೆಯಿಂದ ನೂರಕ್ಕೆ ೧೦ರಷ್ಟು ಹಣ ಬರಬೇಕೆಂಬ ನಿಯಮ ಮುಖ್ಯ ಖನಿಜಗಳಿಗಿದೆ. ಆ ಹಣ ಗಣಿಯ ಬಾಯಲ್ಲಿರುವ ಹಳ್ಳಿಯ ನೀರಿಗೂ ಆಸ್ಪತ್ರೆಗೂ ಹೋಗಬೇಕು. ಅದರ ಲೆಕ್ಕವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು.

ಐದು: ಬ್ಲಫ್‌ನಿಂದ ಕೆಳಗೆ ನದಿಯ ಎರಡೂ ದಂಡೆಯಲ್ಲಿ ಹಬ್ಬಿರುವ ಕಾವೇರಿ ವನ್ಯಧಾಮದ ಗುಡ್ಡಗಳಿಗೆ ಕೊರೆಯುವ ಯಂತ್ರ ಕಾಲಿಡಬಾರದು. ಕನ್ನಂಬಾಡಿ ಕಟ್ಟೆಯ ಸುತ್ತ ೨೦ ಕಿಲೋಮೀಟರಿನಲ್ಲಿ ಗಣಿ ಕೆಲಸಕ್ಕೆ ೨೦೨೪ರ ಜನವರಿಯಲ್ಲಿ ಹೈಕೋರ್ಟು ತಡೆ ಕೊಟ್ಟದ್ದನ್ನು ಅಧಿಕಾರಿಗಳು ನೆನಪಿಟ್ಟುಕೊಳ್ಳಲಿ.

ಆರು: ಹಸಿ ಕಲ್ಲು ಜಿಲ್ಲೆಯ ಗಡಿ ದಾಟಬಾರದು. ಶುದ್ಧ ಮಾಡುವ ಕಾರ್ಖಾನೆ ಸಾರ್ವಜನಿಕ ರಂಗದಲ್ಲೋ ಸಹಕಾರಿ ರಂಗದಲ್ಲೋ ಇಲ್ಲೇ ಏಳಬೇಕು. ಮೈಷುಗರ್ ಕಾರ್ಖಾನೆ ೧೯೩೩ರಲ್ಲಿ ಎದ್ದಾಗ ಮಂಡ್ಯ ಊರಾಗಿ ಬೆಳೆದದ್ದು ಕಬ್ಬನ್ನು ಇಲ್ಲೇ ಅರೆದದ್ದರಿಂದ.

ಬೇಡಿಕೆ ಬರೆದಿಟ್ಟರೆ ಸಾಲದು. ಗುತ್ತಿಗೆಯ ನಕ್ಷೆ, ತೂಕದ ಚೀಟಿ, ಪ್ರತಿಷ್ಠಾನದ ಜಮಾಖರ್ಚು ಇವನ್ನು ಕೇಳುವ ಹಕ್ಕನ್ನು ೨೦೦೫ರ ಮಾಹಿತಿ ಹಕ್ಕು ಕಾಯಿದೆ ಪ್ರತಿಯೊಬ್ಬನಿಗೂ ಕೊಟ್ಟಿದೆ. ಹತ್ತು ರೂಪಾಯಿಯ ಅರ್ಜಿ ಸಾಕು. ಮಂಡ್ಯ, ಮದ್ದೂರು, ಮಳವಳ್ಳಿಯ ಕಾರ್ಮಿಕ ಸಂಘಗಳು, ವರ್ತಕರ ಸಂಘಗಳು ಒಂದೊಂದು ಅರ್ಜಿಯನ್ನು ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೆ ಹಾಕಲಿ. ಮುಂದಿನ ಗ್ರಾಮಸಭೆಯಲ್ಲಿ ಬೇರೆ ವಿಷಯಕ್ಕೆ ಮೊದಲು ಈ ಪ್ರಶ್ನೆ ಎತ್ತಲಿ. ಬಂದ ಉತ್ತರವನ್ನು ನಮಗೆ ಕಳಿಸಿದರೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಉತ್ತರ ಬಾರದಿದ್ದರೆ ಅದನ್ನೂ ಅಚ್ಚು ಹಾಕುತ್ತೇವೆ.