ಕೇಳಿದ್ದೆಲ್ಲ ತಿಳಿದದ್ದೇ?



ನಮ್ಮ ಮಗ ಸಾಫ್ಟ್‌ವೇರ್ ಇಂಜಿನಿಯರ್. ಊಟಕ್ಕೆ ಕುಳಿತಾಗಲೂ ಕಿವಿಯಲ್ಲಿ ಇಯರ್‌ಫೋನ್. ಹಾಡೆಂದು ತಿಳಿದು ನಾನೊಮ್ಮೆ ಗದರಿದೆ.

"ಹಾಡಲ್ಲ ಪಪ್ಪಾ, ಪಾಡ್‌ಕಾಸ್ಟ್" ಎಂದ. 2006ರಲ್ಲಿ ಆರಂಭವಾದ 'ಸಾಫ್ಟ್‌ವೇರ್ ಇಂಜಿನಿಯರಿಂಗ್ ರೇಡಿಯೊ'. ತಜ್ಞರನ್ನು ಮಾತನಾಡಿಸುವ ಕಾರ್ಯಕ್ರಮ.

"ಇವತ್ತಿನ ಪಾಠ ಏನು ಮಗಾ?" ನನ್ನಾಕೆ ಕೇಳಿದಳು.

"ಕ್ಯಾಶ್."

"ದುಡ್ಡಾ?"

"ಅಲ್ಲಮ್ಮಾ! ಪದೇ ಪದೇ ಬೇಕಾಗುವ ಮಾಹಿತಿಯ ಒಂದು ಪ್ರತಿಯನ್ನು ಕಂಪ್ಯೂಟರ್ ಹತ್ತಿರದಲ್ಲೇ ಇಟ್ಟುಕೊಳ್ಳುತ್ತದೆ. ನೀನು ಒಲೆ ಪಕ್ಕದ ಡಬ್ಬಿಯಲ್ಲಿ ಸಾಸಿವೆ, ಜೀರಿಗೆ ಇಡುವ ಹಾಗೆ."

"ಡಬ್ಬಿಯಲ್ಲಿದ್ದದ್ದು ಹಳತಾದರೆ?"

ಮಗ ತಡವರಿಸಿದ. ಕಷ್ಟದ ಪ್ರಶ್ನೆ ಅದೇ ಅಂತೆ! ಅಂದು ರಾತ್ರಿ ಆ ಭಾಗವನ್ನು ಮತ್ತೆ ಕೇಳಿ, ಬರೆದುಕೊಂಡು, ಕಂಪ್ಯೂಟರಿನಲ್ಲಿ ಮಾಡಿ ನೋಡಿದ. ಮರುದಿನ ಉತ್ತರ ಕೊಟ್ಟ: "ಹಳೆಯ ಪ್ರತಿಗೆ ಅವಧಿ ಗೊತ್ತುಮಾಡಬೇಕು, ಇಲ್ಲವೇ ಮೂಲ ಬದಲಾದ ಕೂಡಲೇ ಅದನ್ನು ತೆಗೆದುಹಾಕಬೇಕು."

ಕಿವಿಗೆ ಬಿದ್ದದ್ದೆಲ್ಲ ತಲೆಗೆ ಇಳಿದಿರುವುದಿಲ್ಲ. ಇನ್ನೊಬ್ಬರಿಗೆ ಹೇಳಲು ಹೊರಟಾಗಲೇ ಅದು ಗೊತ್ತಾಗುವುದು.

ಈಗ ಊಟದ ಹೊತ್ತಿಗೆ ಇಯರ್‌ಫೋನ್ ಮೇಜಿನ ಮೇಲಿರುತ್ತದೆ. ಪಾಠ ನಮ್ಮೆಲ್ಲರಿಗೂ. ನೀವೂ ನಿಮ್ಮ ಮಕ್ಕಳನ್ನು ಗದರುವ ಮುಂಚೆ ಒಮ್ಮೆ ವಿಚಾರಿಸಿ: "ಏನು ಕೇಳಿದೆ ಮಗಾ?"