'ತಲೆಗೆ ಹತ್ತಲ್ಲ' ಅನ್ನೋ ಮಾತಿಗೂ ಜಾತಿ ಇದೆ

ದುಡ್ಡಿದ್ದವರ ಮಗು ಕ್ಲಾಸಲ್ಲಿ ಒಂದು ಕಡೆ ಕೂರದಿದ್ರೆ 'ಎಡಿಎಚ್‌ಡಿ ಇರಬಹುದು, ಡಾಕ್ಟರಿಗೆ ತೋರಿಸಿ' ಅಂತಾರೆ. ನಮ್ಮ ಕೇರಿಯ ಮಗು ಹಾಗೇ ಮಾಡಿದ್ರೆ 'ಈ ಜನಕ್ಕೆ ವಿದ್ಯೆ ಹತ್ತಲ್ಲ' ಅಂತ ಹಿಂದಿನ ಬೆಂಚಿಗೆ ದಬ್ಬುತ್ತಾರೆ. ತೊಂದರೆಗೆ ಜಾತಿಯಿಲ್ಲ, ಅದನ್ನ ನೋಡೋ ಕಣ್ಣಿಗಿದೆ.

ಗೆಳೆಯರೇ, ಗಮನ ನಿಲ್ಲದ ಮಗು ಸೋಮಾರಿಯಲ್ಲ. ಅದಕ್ಕೆ ಮುಂದಿನ ಸಾಲಲ್ಲಿ ಜಾಗ ಕೊಡಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಪಾಠವನ್ನ ಸಣ್ಣ ಸಣ್ಣ ಭಾಗ ಮಾಡಿ, ನಡುವೆ ಎದ್ದು ಓಡಾಡೋಕೆ ಬಿಡಿ, ಮುಗಿಸಿದ ಕೂಡಲೇ ಶಭಾಷ್ ಅನ್ನಿ. ಲೆಕ್ಕಕ್ಕೆ ಹುಣಸೆಬೀಜ, ಅಕ್ಷರಕ್ಕೆ ಮರಳು, ಮಗ್ಗಿಗೆ ಚಪ್ಪಾಳೆ. ಇದಕ್ಕೆಲ್ಲ ಬಜೆಟ್ ಬೇಕಿಲ್ಲ.

ಹಾಗಂತ 'ಇವನು ನೋಡಿ ಕಲಿಯೋನು, ಇವಳು ಕೇಳಿ ಕಲಿಯೋಳು' ಅಂತ ಮಕ್ಕಳನ್ನ ವಿಂಗಡಿಸಬೇಡಿ. ಹಾಗೆ ವಿಂಗಡಿಸಿ ಕಲಿಸಿದ್ರೆ ಲಾಭ ಅನ್ನೋದಕ್ಕೆ ಗಟ್ಟಿ ಪುರಾವೆಯಿಲ್ಲ. ಹಣೆಪಟ್ಟಿಯ ನೋವು ನಮಗಿಂತ ಯಾರಿಗೆ ಗೊತ್ತು? ಎಲ್ಲ ದಾರಿಯೂ ಎಲ್ಲ ಮಕ್ಕಳಿಗೆ ತೆರೆದಿರಲಿ.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಇದೇ ಇತ್ತು: ಕಾರ್ಡು, ಹಾಡು, ಗುಂಪು, ಮಗುವಿನದೇ ವೇಗ. ಆದ್ರೆ ಅದು ಮೂರನೇ ಕ್ಲಾಸಿಗೆ ಮುಗಿಯುತ್ತೆ. ಆಮೇಲೆ ಮತ್ತದೇ ಬೋರ್ಡು, ಬೈಗುಳ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 2016ರ ವಿಕಲಚೇತನರ ಹಕ್ಕು ಕಾಯ್ದೆಯ 21 ವಿಧಗಳಲ್ಲಿ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಹೆಸರಿಲ್ಲ. ಅದನ್ನ ಸೇರಿಸಿ ಅಂತ ನಾವು ಕೇಳಲೇಬೇಕು. ಅಲ್ಲಿವರೆಗೆ ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗಿ ಒಂದೇ ಪ್ರಶ್ನೆ ಹಾಕಿ: ಹಿಂದಿನ ಬೆಂಚಲ್ಲಿ ಕೂತಿರೋರು ಯಾರ ಮಕ್ಕಳು?

ಜೈ ಭೀಮ್.